ಕಸುಬು, ಹಿಸಾಬು, ಬಜಾರು: ನಮ್ಮ ವ್ಯಾಪಾರದ ಚರಿತ್ರೆಯಿಂದ ಒಂದು ಪಾಠ



ನಿಮ್ಮ ಊರಿನ ಯಾವುದಾದರೂ ಹಳೆಯ ಅಂಗಡಿಯ ಲೆಕ್ಕದ ಪುಸ್ತಕವನ್ನು ತೆರೆದು ನೋಡಿ. ಜಮಾ, ಖರ್ಚು, ಬಾಕಿ, ನಗದು, ರಸೀದಿ, ವಸೂಲಿ, ಅಸಲು, ಕರಾರು, ಜಾಮೀನು ಎಂಬ ಮಾತುಗಳಿಲ್ಲದೆ ಒಂದು ಪುಟವೂ ತುಂಬುವುದಿಲ್ಲ. ಖರೀದಿ, ದಲ್ಲಾಳಿ, ಗುಮಾಸ್ತ, ಕಾರ್ಖಾನೆ ಇವೂ ಅದೇ ಸಾಲಿಗೆ ಸೇರಿದವು. ಅರಬ್ಬಿ ಮತ್ತು ಪಾರಸಿ ಭಾಷೆಗಳಿಂದ ಹೊರಟು, ಹಳೆಯ ದಫ್ತರಗಳ ಮೂಲಕ ಹಾದು, ಕನ್ನಡಿಗರೆಲ್ಲರ ನಾಲಿಗೆಯಲ್ಲಿ ನೆಲೆಸಿದ ಪದಗಳು ಇವು. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನಾನು ಈ ಪಟ್ಟಿಯನ್ನು ಕಪ್ಪು ಹಲಗೆಯ ಮೇಲೆ ಬರೆದಾಗ, ಎರಡೂ ತರಗತಿಯ ಮಕ್ಕಳು 'ಇದು ನಮ್ಮ ಭಾಷೆಯ ಪದ' ಎಂದು ಹಕ್ಕು ಸಾಧಿಸುತ್ತಾರೆ. ಇಬ್ಬರೂ ಹೇಳುವುದು ಸರಿಯೇ.

ಲೆಕ್ಕದ ಮಾತುಗಳು ನಮ್ಮ ಬಾಯಲ್ಲಿವೆ. ಲೆಕ್ಕದ ಪುಸ್ತಕ ನಮ್ಮ ಮನೆಯಲ್ಲಿದೆಯೇ? ಈ ಲೇಖನದಲ್ಲಿ ನಾನು ನಿಮ್ಮ ಮುಂದಿಡಲು ಬಯಸುವ ಪ್ರಶ್ನೆ ಇದೊಂದೇ. ಉತ್ತರ ಹುಡುಕಲು ನಾವು ಸ್ವಲ್ಪ ಚರಿತ್ರೆಯನ್ನು ನೋಡಬೇಕಾಗುತ್ತದೆ.

ನಮ್ಮಲ್ಲಿ ಹಿಂದಿನಿಂದಲೂ ಕಸುಬು ಕಲಿಯುತ್ತಿದ್ದುದು ಉಸ್ತಾದ್ ಮತ್ತು ಶಾಗಿರ್ದ್ ಪದ್ಧತಿಯಲ್ಲಿ. ಇಂದು ಪೇಟೆಯ ಜನ 'ಮೆಂಟರ್' ಎಂದು ಯಾರನ್ನು ಕರೆಯುತ್ತಾರೋ ಅವನೇ ನಮ್ಮ ಉಸ್ತಾದ್. ಒಳ್ಳೆಯ ಉಸ್ತಾದನು ಶಿಷ್ಯನಿಗೆ ಮೂರು ವಿಷಯಗಳನ್ನು ಕೊಡುತ್ತಾನೆ. ಮೊದಲನೆಯದು ಕಸುಬು, ಅಂದರೆ ಕೈಯ ಕೆಲಸ. ಎರಡನೆಯದು ಹಿಸಾಬು, ಅಂದರೆ ಲೆಕ್ಕ ಇಡುವ ವಿದ್ಯೆ. ಮೂರನೆಯದು ಬಜಾರು, ಅಂದರೆ ಮಾಲನ್ನು ಎಲ್ಲಿಂದ ತರಬೇಕು, ಯಾರಿಗೆ ಮಾರಬೇಕು, ಯಾರನ್ನು ನಂಬಬೇಕು ಎಂಬ ತಿಳಿವಳಿಕೆ. ಈ ಮೂರೂ ಕೈದಾಟಿದ ಕಡೆ ನಮ್ಮವರು ವ್ಯಾಪಾರಸ್ಥರಾದರು. ಕಸುಬು ಮಾತ್ರ ಕೈದಾಟಿದ ಕಡೆ ಎಷ್ಟೇ ಕುಶಲರಾದರೂ ಕೂಲಿಗಾರರಾಗಿಯೇ ಉಳಿದರು. ಚರಿತ್ರೆಯನ್ನು ಓದಿದಾಗ ನನಗೆ ಕಂಡ ಸತ್ಯ ಇದು.

ಮೊದಲ ಪಾಠ ಬಜಾರಿನ ದಾರಿ

ಪ್ರವಾದಿ ಮುಹಮ್ಮದ್(ಸ) ಅವರು ಬಾಲ್ಯದಲ್ಲೇ ತಂದೆಯ ಸಹೋದರ ಅಬೂತಾಲಿಬರ ಜೊತೆ ವ್ಯಾಪಾರದ ಪ್ರಯಾಣ ಕೈಗೊಂಡಿದ್ದರು. ಯೌವನದಲ್ಲಿ ಖದೀಜಾ(ರ) ಅವರ ಸರಕನ್ನು ಸಿರಿಯಾ ಕಡೆಗೆ ಕೊಂಡೊಯ್ದು ಪ್ರಾಮಾಣಿಕವಾಗಿ ಲೆಕ್ಕ ಒಪ್ಪಿಸಿದರು. ಇಲ್ಲಿ ಬಂಡವಾಳ ಹೂಡಿದವರು ಒಬ್ಬ ಮಹಿಳೆ, ಎಂಬುದನ್ನು ನಮ್ಮ ವಿದ್ಯಾರ್ಥಿನಿಯರು ವಿಶೇಷವಾಗಿ ಗಮನಿಸಬೇಕು.

ಮಕ್ಕಾದಿಂದ ಬರಿಗೈಯಲ್ಲಿ ಮದೀನಾಕ್ಕೆ ಬಂದ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ಪ್ರಸಂಗ ನಿಮಗೆ ಗೊತ್ತಿರಬಹುದು. ಅವರ ಅನ್ಸಾರಿ ಸಹೋದರ ಸಅದ್(ರ) ತಮ್ಮ ಆಸ್ತಿಯಲ್ಲಿ ಅರ್ಧ ಪಾಲು ಕೊಡಲು ಮುಂದೆ ಬಂದರು. ಅಬ್ದುರ್ರಹ್ಮಾನರು ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಗೆ ಹೋಗುವ ದಾರಿಯನ್ನಷ್ಟೇ ತೋರಿಸಲು ಕೇಳಿದರು. ತುಪ್ಪ ಮತ್ತು ಒಣಗಿಸಿದ ಗಿಣ್ಣಿನ ಸಣ್ಣ ವ್ಯಾಪಾರದಿಂದ ಶುರುಮಾಡಿ ಮದೀನಾದ ದೊಡ್ಡ ವರ್ತಕರಲ್ಲಿ ಒಬ್ಬರಾದರು. ಅರ್ಧ ಆಸ್ತಿಗಿಂತ ಬಜಾರಿನ ದಾರಿ ಹೆಚ್ಚು ಬೆಲೆಯುಳ್ಳದ್ದಾಯಿತು.

ಹಿಸಾಬಿನ ವಿಷಯಕ್ಕೆ ಬಂದರೆ, ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ವಚನ ಯಾವುದು ಎಂದು ನಾನು ವಿದ್ಯಾರ್ಥಿಗಳನ್ನು ಆಗಾಗ ಕೇಳುತ್ತೇನೆ. ಅದು ಸೂರಃ ಬಕರಃದ 282ನೆಯ ವಚನ. ಸಾಲದ ವ್ಯವಹಾರವನ್ನು ಅವಧಿ ಸಹಿತ ಬರೆದಿಡಬೇಕು, ಸಾಕ್ಷಿಗಳನ್ನು ಇಟ್ಟುಕೊಳ್ಳಬೇಕು, ಮೊತ್ತ ಚಿಕ್ಕದಾಗಲಿ ದೊಡ್ಡದಾಗಲಿ ಬರೆಯಲು ಬೇಸರಿಸಬಾರದು ಎಂಬುದು ಅದರ ತಾತ್ಪರ್ಯ. ಹೀಗಿದ್ದೂ 'ನಮ್ಮವರ ನಡುವೆ ಬರವಣಿಗೆ ಏಕೆ, ಬಾಯಿಮಾತು ಸಾಕು' ಎಂಬ ಮಾತು ನಮ್ಮಲ್ಲಿ ದಿನನಿತ್ಯ ಕೇಳಿಬರುತ್ತದೆ.

ಬೆಂಗಳೂರಿನ ಇಬ್ಬರು ವರ್ತಕರು

ಈಗ ನಮ್ಮ ನಾಡಿಗೆ ಬರೋಣ. ಬೆಂಗಳೂರಿನಲ್ಲಿ ಅಲಿ ಆಸ್ಕರ್ ರಸ್ತೆ ಎಂಬ ಹೆಸರನ್ನು ನೀವು ಕೇಳಿರಬಹುದು. ಆಗಾ ಅಲಿ ಆಸ್ಕರ್ ಇರಾನಿನ ಶಿರಾಜ್ ಪಟ್ಟಣದವರು. 19ನೆಯ ಶತಮಾನದ ಮೊದಲ ಭಾಗದಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗ, ಅಣ್ಣತಮ್ಮಂದಿರ ಜೊತೆ ಕುದುರೆಗಳನ್ನು ಮಾರಲು ಬೆಂಗಳೂರಿಗೆ ಬಂದರು. ದಂಡಿನ ಪ್ರದೇಶದಲ್ಲಿ ಸೈನ್ಯಕ್ಕೆ ಕುದುರೆಗಳು ಬೇಕಾಗಿದ್ದವು, ಮೈಸೂರಿನ ಅರಮನೆಗೂ ಬೇಕಾಗಿದ್ದವು. ಅವರು ಕುದುರೆ ವ್ಯಾಪಾರಕ್ಕೆ ಅಂಟಿಕೊಂಡು ಕೂರಲಿಲ್ಲ. ಕಮಿಷನರ್ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ಊರು ಬೆಳೆಯುತ್ತಿರುವುದನ್ನು ಕಂಡು ಕಟ್ಟಡದ ಕೆಲಸಕ್ಕೆ ಕೈಹಾಕಿ, ಅನೇಕ ಬಂಗಲೆಗಳನ್ನು ಕಟ್ಟಿಸಿದರು. ಬಜಾರಿನ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಅರಿಯುವ ಗುಣ ಅವರಲ್ಲಿತ್ತು.

ಅವರ ಮನೆತನ ಗಳಿಸಿದ ಹಣವನ್ನು ಮಕ್ಕಳ ವಿದ್ಯೆಗೆ ತೊಡಗಿಸಿತು. ಆಗಾ ಅಲಿ ಆಸ್ಕರರ ಮೊಮ್ಮಗನೇ ಸರ್ ಮಿರ್ಜಾ ಇಸ್ಮಾಯಿಲ್. ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿದ್ದ ಅವರು 1926ರಿಂದ 1941ರವರೆಗೆ ಮೈಸೂರಿನ ದಿವಾನರಾದರು. ಮಂಡ್ಯದ ಸಕ್ಕರೆ ಕಾರ್ಖಾನೆ, ಭದ್ರಾವತಿಯ ಕಾಗದದ ಕಾರ್ಖಾನೆ, 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆ ಇವೆಲ್ಲ ಅವರ ಆಡಳಿತ ಕಾಲದಲ್ಲಿ ತಲೆ ಎತ್ತಿದವು. ಕುದುರೆ ಮಾರಿದ ತಾತನಿಂದ ಕಾರ್ಖಾನೆಗಳಿಗೆ ನೆಲೆ ಒದಗಿಸಿದ ಮೊಮ್ಮಗನವರೆಗಿನ ಹಾದಿಯಲ್ಲಿ ಶಾಲೆ ಇದೆ ಎಂಬುದನ್ನು ನಾವು ಮರೆಯಬಾರದು.

ಇನ್ನೊಬ್ಬರು ಹಾಜಿ ಸರ್ ಇಸ್ಮಾಯಿಲ್ ಸೇಠ್ (1859–1934). ಇವರು ಕಚ್ಛೀ ಮೇಮನ್ ಸಮುದಾಯದವರು. ಈ ಸಮುದಾಯದಲ್ಲಿ ಹುಡುಗನೊಬ್ಬ ಸ್ವಲ್ಪ ದೊಡ್ಡವನಾದ ಕೂಡಲೇ ಬಂಧುವಿನ ಅಂಗಡಿಯಲ್ಲಿ ಕೂರುವುದು ವಾಡಿಕೆಯಾಗಿತ್ತು. ಮೊದಲು ಕಸ ಗುಡಿಸುವುದು, ಗಂಟು ಬಿಚ್ಚುವುದು, ಬಟ್ಟೆ ಅಳೆಯುವುದು. ನಂತರ ಗಿರಾಕಿಯೊಡನೆ ಮಾತು. ಕೊನೆಗೆ ಸೇಠರ ಪಕ್ಕದಲ್ಲಿ ಕುಳಿತು ಬಹೀಖಾತೆ ಬರೆಯುವುದು. ಇಷ್ಟು ಕಲಿತ ಮೇಲೆ ಹಿರಿಯರು ಒಂದಿಷ್ಟು ಮಾಲು ಉದ್ದರಿ ಕೊಟ್ಟು ಬೇರೆ ಊರಿನಲ್ಲಿ ಅಂಗಡಿ ಇಡಿಸುತ್ತಿದ್ದರು. ಕಸುಬು, ಹಿಸಾಬು, ಬಜಾರು ಮೂರೂ ಒಂದೇ ಗದ್ದಿಗೆಯ ಮೇಲೆ ಸಿಗುತ್ತಿದ್ದವು. ಇಂಥ ಸಮುದಾಯದಿಂದ ಬಂದ ಇಸ್ಮಾಯಿಲ್ ಸೇಠರು ಬೆಂಗಳೂರಿನ ಪ್ರಮುಖ ವರ್ತಕರಾದರು. ಪರ್ದಾ ಪಾಲಿಸುವ ಮಹಿಳೆಯರು ಚಿಕಿತ್ಸೆಯಿಲ್ಲದೆ ನರಳಬಾರದೆಂದು ಅವರು ನೀಡಿದ ದಾನದ ಗುರುತಾಗಿ ಗೋಷಾ ಆಸ್ಪತ್ರೆ ಶಿವಾಜಿನಗರದಲ್ಲಿ ಅವರ ಹೆಸರನ್ನು ಹೊತ್ತು ನಿಂತಿದೆ. ಜಾತಿ ಮತ ಭೇದವಿಲ್ಲದೆ ಅಲ್ಲಿ ಹುಟ್ಟಿದ ಮಕ್ಕಳು ಲೆಕ್ಕವಿಲ್ಲದಷ್ಟು.

ರೇಷ್ಮೆಯ ಊರಿನ ಲೆಕ್ಕ

ದೊಡ್ಡ ಸೇಠರ ಕಥೆ ಓದಿ ಸಂತೋಷಪಟ್ಟರೆ ಸಾಲದು. ನಮ್ಮಲ್ಲಿ ಬಹುಪಾಲು ಜನರು ಸಣ್ಣ ಉದ್ಯಮಗಳವರು. ಅವರ ಸ್ಥಿತಿ ತಿಳಿಯಲು ರಾಮನಗರ, ಶಿಡ್ಲಘಟ್ಟಗಳ ರೇಷ್ಮೆ ಕೆಲಸವನ್ನು ಹತ್ತಿರದಿಂದ ನೋಡಬೇಕು.

ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಪ್ರೋತ್ಸಾಹ ಕೊಟ್ಟವನು ಟಿಪ್ಪು ಸುಲ್ತಾನ್. 1780ರ ದಶಕದಲ್ಲಿ ಬಂಗಾಳದಿಂದ ರೇಷ್ಮೆಹುಳು ತರಿಸಿ, ಸಾಕುವ ಕ್ರಮ ಕಲಿತು ಬರಲು ಜನರನ್ನು ಕಳುಹಿಸಿದನು. ಅಂದರೆ ಹುಳುವಿನ ಜೊತೆಗೇ ಉಸ್ತಾದರ ವಿದ್ಯೆಯೂ ಬರಬೇಕೆಂದು ಅವನಿಗೆ ತಿಳಿದಿತ್ತು. ಸುಮಾರು ಒಂದು ಶತಮಾನದ ನಂತರ, 1890ರ ದಶಕದಲ್ಲಿ, ಜೆಮ್‌ಶೆಡ್ಜಿ ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದಾಗ ಜಪಾನಿನಿಂದ ಪರಿಣತರನ್ನು ಕರೆಸಿದರು. ಸುಲ್ತಾನನೂ ಉದ್ಯಮಿಯೂ ಮಾಡಿದ್ದು ಒಂದೇ ಕೆಲಸ.

ಕಾಲಕ್ರಮೇಣ ಈ ಉದ್ಯಮದಲ್ಲಿ ಒಂದು ಹಂಚಿಕೆ ಏರ್ಪಟ್ಟಿತು. ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು ಹೆಚ್ಚಾಗಿ ಒಕ್ಕಲಿಗರೂ ಇತರ ರೈತರೂ ಆದರು. ಗೂಡನ್ನು ಬೇಯಿಸಿ ನೂಲು ತೆಗೆಯುವ ಬಿಚ್ಚಾಣಿಕೆ ಕೆಲಸದಲ್ಲಿ ಮುಸ್ಲಿಮರು ಹೆಚ್ಚಾಗಿ ತೊಡಗಿದರು. ಒಬ್ಬರಿಲ್ಲದೆ ಇನ್ನೊಬ್ಬರಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಎಂಬ ಹೆಸರು ಪಡೆದಿರುವುದು ಈ ಇಬ್ಬರ ದುಡಿಮೆಯಿಂದ.

ಬಿಚ್ಚಾಣಿಕೆದಾರನ ಜಾಣತನ ಎಲ್ಲಿದೆ? ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕಕ್ಕೆ ರೆಂಡಿಟ್ಟಾ ಎನ್ನುತ್ತಾರೆ. ಗೂಡು ಉತ್ತಮವಾಗಿದ್ದರೆ ಆರೇಳು ಕಿಲೋ ಸಾಕು, ಇಲ್ಲದಿದ್ದರೆ ಎಂಟು ಒಂಬತ್ತು ಕಿಲೋ ಬೇಕಾದೀತು. ಹರಾಜಿನ ಸಮಯದಲ್ಲಿ ಅನುಭವಿ ಬಿಚ್ಚಾಣಿಕೆದಾರ ಲಾಟಿನಿಂದ ಒಂದು ಹಿಡಿ ಗೂಡು ಎತ್ತಿ, ಬೆರಳಿನಿಂದ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಇದು ಇಷ್ಟು ಕೊಟ್ಟೀತು ಎಂದು ಅಂದಾಜು ಮಾಡುತ್ತಾನೆ. ಉದಾಹರಣೆಗೆ ಗೂಡಿನ ಬೆಲೆ ಕಿಲೋಗೆ 400 ರೂಪಾಯಿ ಎಂದುಕೊಳ್ಳಿ. ರೆಂಡಿಟ್ಟಾ 7 ಆದರೆ ಒಂದು ಕಿಲೋ ನೂಲಿಗೆ ಗೂಡಿನ ಖರ್ಚು 2,800 ರೂಪಾಯಿ. ಅಂದಾಜು ತಪ್ಪಿ 8 ಆದರೆ 3,200 ರೂಪಾಯಿ. ಒಂದು ಹಿಡಿ ಗೂಡಿನ ಅಂದಾಜಿನಲ್ಲಿ ಕಿಲೋಗೆ 400 ರೂಪಾಯಿಯ ಲಾಭ ಅಥವಾ ನಷ್ಟ ಅಡಗಿದೆ. ಈ ವಿದ್ಯೆ ತಂದೆಯಿಂದ ಮಗನಿಗೆ, ಉಸ್ತಾದನಿಂದ ಶಾಗಿರ್ದನಿಗೆ ಮಾರುಕಟ್ಟೆಯ ಜಗಲಿಯ ಮೇಲೆಯೇ ಬಂದಿದೆ. ಕಸುಬಿನ ವಿಷಯದಲ್ಲಿ ನಮ್ಮವರು ಯಾರಿಗೂ ಕಡಿಮೆಯಿಲ್ಲ.

ಹಾಗಾದರೆ ತೊಂದರೆ ಎಲ್ಲಿ? ಗೂಡಿನ ಹಣವನ್ನು ರೈತನಿಗೆ ಕೂಡಲೇ ಕೊಡಬೇಕು. ನೂಲಿನ ಹಣ ವರ್ತಕರಿಂದ ಬರುವುದು ತಡವಾಗುತ್ತದೆ. ಈ ನಡುವಿನ ದಿನಗಳನ್ನು ತುಂಬಲು ಕೈಯಲ್ಲಿ ಬಂಡವಾಳ ಬೇಕು. ಬ್ಯಾಂಕಿಗೆ ಹೋದರೆ ಮೂರು ವರ್ಷದ ಲೆಕ್ಕ ತೋರಿಸಿ ಎನ್ನುತ್ತಾರೆ. ಲೆಕ್ಕ ತಲೆಯಲ್ಲಿದೆ, ಕಾಗದದ ಮೇಲಿಲ್ಲ. ಆದ್ದರಿಂದ ಕೈಸಾಲ, ಕೈಸಾಲದ ಜೊತೆ ವರ್ತಕ ಹೇಳಿದ ಬೆಲೆಗೇ ನೂಲು ಕೊಡುವ ಕಟ್ಟುಪಾಡು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ರೈತರೂ ಬಿಚ್ಚಾಣಿಕೆದಾರರೂ ಒಟ್ಟಿಗೆ ಕಂಗಾಲಾದರು. ಚರಕ, ಕಾಟೇಜ್ ಬೇಸಿನ್‌ಗಳಿಂದ ಮಲ್ಟಿಎಂಡ್ ಯಂತ್ರಕ್ಕೆ, ಅಲ್ಲಿಂದ ಸ್ವಯಂಚಾಲಿತ ಯಂತ್ರಕ್ಕೆ ಏರಿದರೆ ಮಾತ್ರ ಚೀನಾದ ನೂಲಿನ ಗುಣಮಟ್ಟಕ್ಕೆ ಸಮನಾಗಬಹುದು. ಅದಕ್ಕೆ ದೊಡ್ಡ ಸಾಲ ಬೇಕು, ಸಾಲಕ್ಕೆ ಸಬ್ಸಿಡಿಯ ಅರ್ಜಿ ಬೇಕು, ಅರ್ಜಿಗೆ ಲೆಕ್ಕಪತ್ರ ಬೇಕು. ಹಿಸಾಬಿನ ಪುಸ್ತಕವಿದ್ದವರು ಮೇಲೇರಿದರು, ಇಲ್ಲದವರು ಒಲೆ ಆರಿಸಿ ಬೇರೆಯವರ ಯಂತ್ರದ ಮುಂದೆ ಕೂಲಿಗೆ ನಿಂತರು.

ಇದೇ ಉದ್ಯಮದ ಮತ್ತೊಂದು ಮುಖವನ್ನು ಶಿಕ್ಷಕನಾಗಿ ನಾನು ಹೇಳಲೇಬೇಕು. 2003ರಲ್ಲಿ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಸಂಸ್ಥೆಯೊಂದು ಪ್ರಕಟಿಸಿದ ವರದಿಯು, ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳ ರೇಷ್ಮೆ ಘಟಕಗಳಲ್ಲಿ ಹೆತ್ತವರು ಪಡೆದ ಮುಂಗಡಕ್ಕೆ ಒತ್ತೆಯಾಗಿ ದುಡಿಯುತ್ತಿದ್ದ ಮಕ್ಕಳ ಸ್ಥಿತಿಯನ್ನು ದಾಖಲಿಸಿತು. ಕುದಿಯುವ ನೀರಿನಲ್ಲಿ ಬೆಂದ ಬೆರಳುಗಳು, ಹೊಗೆಯಿಂದ ಕೆಟ್ಟ ಉಸಿರು. 'ಕೆಲಸ ಕಲಿಯುತ್ತಿದ್ದಾನೆ' ಎಂಬ ಹೆಸರಿನಲ್ಲಿ ಮಗುವನ್ನು ದುಡಿಸುವವನು ಉಸ್ತಾದ್ ಅಲ್ಲ. ಶಾಗಿರ್ದನು ವರ್ಷ ಕಳೆದಂತೆ ಮೇಲೇರುತ್ತಾನೆ, ಒಂದು ದಿನ ತನ್ನದೇ ಅಂಗಡಿ ತೆರೆಯುತ್ತಾನೆ. ಮುಂಗಡಕ್ಕೆ ಸಿಕ್ಕಿದ ಮಗು ಹತ್ತು ವರ್ಷದ ನಂತರವೂ ಅದೇ ಬಾಣಲೆಯ ಮುಂದೆ ಇರುತ್ತದೆ. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ಯಾವುದೇ ಉದ್ಯೋಗದಲ್ಲಿ ನೇಮಿಸಿಕೊಳ್ಳುವುದು ಕಾನೂನುಬಾಹಿರ. ಕಾನೂನು ಇರಲಿ ಬಿಡಲಿ, ಶಾಲೆ ಬಿಡಿಸಿ ಕಲಿಸುವ ಕಸುಬಿನಲ್ಲಿ ಹಿಸಾಬು ಇರುವುದೇ ಇಲ್ಲ.

ಬಿದರಿ ಮತ್ತು ಬೊಂಬೆ

ಬೀದರಿನ ಬಿದರಿ ಕಲೆಗೆ ಬಹಮನಿ ಸುಲ್ತಾನರ ಕಾಲದ ಹಿನ್ನೆಲೆಯಿದೆ. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಪಾತ್ರೆ ಎರಕ ಹೊಯ್ದು, ಅದರ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಹಳೆಯ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ಕುದಿಸಿದ ನೀರಿನಿಂದ ಕಪ್ಪು ಬಣ್ಣ ತರುತ್ತಾರೆ. ಬಿಸಿಲು ಮಳೆ ತಾಗದ ಜಾಗದ ಮಣ್ಣೇ ಬೇಕು. ಸರಿಯಾದ ಮಣ್ಣು ಯಾವುದೆಂದು ಹಿರಿಯ ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ನೋಡಿ ಹೇಳುತ್ತಾರೆ. ಇಂಥದ್ದನ್ನು ಯಾವ ಪುಸ್ತಕದಿಂದ ಕಲಿಯಲು ಸಾಧ್ಯ? 2023ರಲ್ಲಿ ಪದ್ಮಶ್ರೀ ಪಡೆದ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರು ಈ ಕಲೆಯನ್ನು ತಂದೆಯಿಂದ ಕಲಿತವರು, ನಂತರ ಅನೇಕರಿಗೆ ಕಲಿಸಿದವರು.

ಚನ್ನಪಟ್ಟಣದ ಬೊಂಬೆಗಳೂ ಹೀಗೆಯೇ. ಹಾಲೆ ಮರದ ತುಂಡನ್ನು ಚರಕಿಯಲ್ಲಿ ತಿರುಗಿಸಿ ಆಕಾರ ಕೊಟ್ಟು, ಬಣ್ಣ ಬೆರೆಸಿದ ಅರಗನ್ನು ಒತ್ತಿ, ತಾಳೆಗರಿಯಿಂದ ಹೊಳಪು ತರುವ ಕೆಲಸ. ಪ್ಲಾಸ್ಟಿಕ್ ಆಟಿಕೆಗಳು ಪೇಟೆಗೆ ನುಗ್ಗಿದಾಗ ಅನೇಕ ಕುಶಲಕರ್ಮಿಗಳು ಕೆಲಸ ಬಿಟ್ಟರು. 2000ರ ದಶಕದ ಮಧ್ಯಭಾಗದಲ್ಲಿ ಬಿದರಿ ಹಾಗೂ ಚನ್ನಪಟ್ಟಣದ ಬೊಂಬೆ ಎರಡಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ, ಅಂದರೆ ಜಿ.ಐ. ಗುರುತು ದೊರೆಯಿತು. ಹೆಸರನ್ನು ಬೇರೆಯವರು ಬಳಸದಂತೆ ಇದು ರಕ್ಷಣೆ ಕೊಡುತ್ತದೆ. ಆದರೆ ಗುರುತು ತಾನಾಗಿ ಗಿರಾಕಿಯನ್ನು ಕರೆತರುವುದಿಲ್ಲ. ಬೊಂಬೆ ಮಾಡುವವನಿಗೆ ದೂರದ ಊರಿನ ಗಿರಾಕಿಗೆ ಪತ್ರ ಬರೆಯಲು, ಬೆಲೆ ಕಟ್ಟಲು, ಬಿಲ್ಲು ಮಾಡಲು ಬಂದಾಗ ಮಾತ್ರ ಲಾಭದ ಪಾಲು ಅವನಿಗೆ ದಕ್ಕುತ್ತದೆ. ಇಲ್ಲವಾದರೆ ಅದು ಮಧ್ಯವರ್ತಿಯ ಪಾಲು.

ಬೆಂಗಳೂರು, ಮೈಸೂರುಗಳಲ್ಲಿ ಊದುಬತ್ತಿ ಹೊಸೆಯುವ, ಕರಾವಳಿಯಲ್ಲಿ ಬೀಡಿ ಕಟ್ಟುವ ನಮ್ಮ ಸೋದರಿಯರ ಮಾತೂ ಇದೇ. ಸಾವಿರಕ್ಕೆ ಇಷ್ಟು ಎಂಬ ಕೂಲಿಗೆ ಮನೆಯಲ್ಲೇ ಕುಳಿತು ದುಡಿಯುತ್ತಾರೆ. ಕೈಯಲ್ಲಿ ಪೂರ್ತಿ ಕಸುಬಿದೆ. ಹಿಸಾಬು ಗುತ್ತಿಗೆದಾರನ ಚೀಟಿಯಲ್ಲಿದೆ, ಬಜಾರನ್ನು ಅವರು ಕಂಡೇ ಇಲ್ಲ.

ವ್ಯಾಪಾರದ ಹಣದಿಂದ ಶಾಲೆ, ಶಾಲೆಯಿಂದ ಕಾರ್ಖಾನೆ

ಮೂರನ್ನೂ ಮುಂದಿನ ಪೀಳಿಗೆಗೆ ಕೊಡಲು ಹಿರಿಯರು ಕಂಡುಕೊಂಡ ದಾರಿ ಶಿಕ್ಷಣ ಸಂಸ್ಥೆ. ಭಟ್ಕಳದ ನವಾಯತರು ಶತಮಾನಗಳಿಂದ ವ್ಯಾಪಾರಸ್ಥರು. ದಕ್ಷಿಣ ಭಾರತದ ಅನೇಕ ಊರುಗಳಲ್ಲಿ ಬಟ್ಟೆ ಅಂಗಡಿ ಇಟ್ಟವರು, ಮುಂದೆ ಕೊಲ್ಲಿ ದೇಶಗಳಿಗೂ ಹೋದರು. 1919ರಲ್ಲಿ ಅವರು ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಸಂಸ್ಥೆಯನ್ನು ಕಟ್ಟಿದರು. ಶಾಲೆಯಿಂದ ಆರಂಭವಾದ ಆ ಸಂಸ್ಥೆ 1980ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ ತೆರೆಯಿತು. ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ತೆಗೆದ ಹಣ ಮಕ್ಕಳ ಪುಸ್ತಕವಾಯಿತು.

ಶಾಲೆಯಿಂದ ಕಾರ್ಖಾನೆಗೆ ಹೋದವರ ಉದಾಹರಣೆಗೆ ಕರ್ನಾಟಕದ ಹೊರಗಿನ ಒಬ್ಬರನ್ನು ನೆನೆಯಬೇಕು. ಡಾ. ಖ್ವಾಜಾ ಅಬ್ದುಲ್ ಹಮೀದ್ 1898ರಲ್ಲಿ ಅಲಿಗಢದಲ್ಲಿ ಹುಟ್ಟಿದರು. ಅಸಹಕಾರ ಚಳವಳಿಯ ಕಾಲದಲ್ಲಿ ಜಾಮಿಯಾ ಮಿಲ್ಲಿಯಾದಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ, ನಂತರ ಜರ್ಮನಿಗೆ ಹೋಗಿ ಡಾಕ್ಟರೇಟ್ ಪಡೆದು, 1935ರಲ್ಲಿ ಮುಂಬಯಿಯಲ್ಲಿ ಸಿಪ್ಲಾ ಔಷಧ ಕಂಪೆನಿಯನ್ನು ಸ್ಥಾಪಿಸಿದರು. 1939ರಲ್ಲಿ ಗಾಂಧೀಜಿ ಅಲ್ಲಿಗೆ ಭೇಟಿ ಕೊಟ್ಟರು. ಮಗ ಯೂಸುಫ್ ಹಮೀದ್ ತಂದೆಯ ಹಾದಿಯಲ್ಲೇ ರಸಾಯನಶಾಸ್ತ್ರ ಓದಿ ಬಂದರು. ಏಡ್ಸ್ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗಿಂತ ಹೆಚ್ಚು ಬೀಳುತ್ತಿದ್ದ ಔಷಧವನ್ನು, 2001ರಲ್ಲಿ ದಿನಕ್ಕೆ ಒಂದು ಡಾಲರಿಗಿಂತ ಕಡಿಮೆ ಬೆಲೆಗೆ ಕೊಡುವುದಾಗಿ ಘೋಷಿಸಿ ಜಗತ್ತಿನ ಗಮನ ಸೆಳೆದರು. ಲಾಭದ ಜೊತೆಗೆ ಜನಹಿತವೂ ಸಾಧ್ಯವೆಂದು ತೋರಿಸಿದ ಪ್ರಸಂಗ ಇದು. ವಿದ್ಯಾರ್ಥಿಗಳೇ, ಈ ಕಂಪೆನಿಯ ಮೂಲದಲ್ಲಿ ಇದ್ದವರು ಒಬ್ಬ ಶಿಕ್ಷಕರು.

ಬೆಂಗಳೂರಿನಲ್ಲಿ 1966ರಲ್ಲಿ ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು ಅಲ್-ಅಮೀನ್ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ವೃತ್ತಿಯಿಂದ ವೈದ್ಯರಾದ ಅವರು 2021ರಲ್ಲಿ ತೀರಿಕೊಳ್ಳುವವರೆಗೂ ಸಮುದಾಯದ ಶಿಕ್ಷಣಕ್ಕಾಗಿ ದುಡಿದರು. ಸಣ್ಣ ವ್ಯಾಪಾರಿಗಳಿಗೆ ಸಾಲ ಸಿಗಲೆಂದು 1977ರಲ್ಲಿ ಅಮಾನತ್ ಸಹಕಾರಿ ಬ್ಯಾಂಕ್ ಕೂಡ ಅವರ ಮುಂದಾಳುತನದಲ್ಲಿ ಆರಂಭವಾಯಿತು. ಶಿಕ್ಷಣ ಮತ್ತು ಬಂಡವಾಳ ಎರಡೂ ಜೊತೆಯಾಗಿ ಸಾಗಬೇಕೆಂಬ ಅವರ ದೂರದೃಷ್ಟಿ ಮೆಚ್ಚುವಂಥದ್ದು. ಮುಂದೆ ಆ ಬ್ಯಾಂಕು ಕಷ್ಟಕ್ಕೆ ಸಿಲುಕಿ 2013ರಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೆ ಒಳಗಾದದ್ದೂ ಚರಿತ್ರೆಯ ಭಾಗವೇ. ಸದುದ್ದೇಶದಿಂದ ಹುಟ್ಟಿದ ಸಂಸ್ಥೆಗೂ ಕಟ್ಟುನಿಟ್ಟಾದ ಹಿಸಾಬು ಬೇಕು ಎಂಬುದು ಅದರಿಂದ ಕಲಿಯುವ ಪಾಠ.

ಅಮಾನತ್ ಎಂಬ ಪದದ ಎರಡು ಅರ್ಥ

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಕನ್ನಡದ ಕಚೇರಿ ಭಾಷೆಯಲ್ಲಿ ಅಮಾನತು ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು. ಮೊದಲನೆಯ ಅಮಾನತ್ತಿನಲ್ಲಿ ಖಯಾನತ್ ಮಾಡಿದವನಿಗೆ ಎರಡನೆಯ ಅಮಾನತು ಕಾದಿರುತ್ತದೆ ಎಂದು ಮಕ್ಕಳಿಗೆ ತಮಾಷೆಯಾಗಿ ಹೇಳುವುದುಂಟು.

ಆದರೆ ವಿಷಯ ತಮಾಷೆಯದಲ್ಲ. 2019ರಲ್ಲಿ ಬೆಂಗಳೂರಿನಲ್ಲಿ ಹಲಾಲ್ ಹೂಡಿಕೆಯ ಹೆಸರು ಹೇಳಿಕೊಂಡು ಹಣ ಸಂಗ್ರಹಿಸಿದ್ದ ದೊಡ್ಡ ಸಂಸ್ಥೆಯೊಂದು ಕುಸಿದುಬಿತ್ತು. ಸಾವಿರಾರು ಕುಟುಂಬಗಳು ಮಗಳ ಮದುವೆಗೆ, ಮಗನ ಓದಿಗೆ, ಹಜ್ ಯಾತ್ರೆಗೆ ಕೂಡಿಟ್ಟ ಹಣ ಹೋಯಿತು. ಕಷ್ಟಪಟ್ಟು ಕಸುಬಿನಿಂದ ಗಳಿಸಿದ ಹಣವನ್ನು ಹಿಸಾಬು ಕೇಳದೆ ಕೊಟ್ಟದ್ದರ ಫಲ ಅದು. ಯಾವ ವ್ಯಾಪಾರದಿಂದ ಈ ಲಾಭ ಬರುತ್ತಿದೆ, ಲೆಕ್ಕಪರಿಶೋಧನೆಯ ವರದಿ ಎಲ್ಲಿದೆ, ನೋಂದಣಿ ಯಾವ ಕಾಯ್ದೆಯಡಿ ಆಗಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದು ಅವಿಶ್ವಾಸವಲ್ಲ. ಬರೆದಿಡಿ ಎಂಬ ಆಜ್ಞೆಯ ಪಾಲನೆ ಅದು. ಗಡ್ಡ, ಟೋಪಿ, ಸಲಾಮು ನೋಡಿ ಹಣ ಕೊಡುವ ಬದಲು ಕಾಗದ ನೋಡಿ ಕೊಡಿ.

ನಮ್ಮ ಮುಂದಿರುವ ಕೆಲಸ

2006ರಲ್ಲಿ ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ ನೀಡಿದ ವರದಿಯ ಪ್ರಕಾರ, ದೇಶದ ಮುಸ್ಲಿಂ ದುಡಿಮೆಗಾರರಲ್ಲಿ ಸುಮಾರು ಶೇ. 61ರಷ್ಟು ಜನ ಸ್ವಯಂ ಉದ್ಯೋಗಿಗಳಾಗಿದ್ದರು. ಹಿಂದೂ ದುಡಿಮೆಗಾರರಲ್ಲಿ ಈ ಪ್ರಮಾಣ ಸುಮಾರು ಶೇ. 55 ಇತ್ತು. ಸಂಬಳದ ನೌಕರಿಯಲ್ಲಿ ನಮ್ಮ ಪಾಲು ಕಡಿಮೆ, ಬ್ಯಾಂಕ್ ಸಾಲದಲ್ಲೂ ಪಾಲು ಕಡಿಮೆ ಎಂದೂ ಆ ವರದಿ ಹೇಳಿತು. ಅಂದರೆ ನಮ್ಮಲ್ಲಿ ಉದ್ಯಮಶೀಲತೆಯ ಕೊರತೆ ಇಲ್ಲ. ಬೆಳಗಿನ ಜಾವ ತಳ್ಳುಗಾಡಿ ಹೊರಡಿಸುವವನು, ಗ್ಯಾರೇಜು ತೆರೆಯುವವನು, ಹೊಲಿಗೆ ಯಂತ್ರ ತುಳಿಯುವವಳು ಎಲ್ಲರೂ ಉದ್ಯಮಿಗಳೇ. ಕೊರತೆ ಇರುವುದು ಮುಂದಿನ ಮೆಟ್ಟಿಲು ತೋರಿಸುವವರದು.

ನಮ್ಮ ಸಂಘದ ಸದಸ್ಯರಲ್ಲಿ ವ್ಯಾಪಾರಸ್ಥರಿದ್ದೀರಿ, ಲೆಕ್ಕಪರಿಶೋಧಕರಿದ್ದೀರಿ, ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರಿದ್ದೀರಿ. ನಿಮ್ಮಲ್ಲಿ ನನ್ನ ವಿನಂತಿ ಇಷ್ಟು. ಚಂದಾ ಮತ್ತು ವಿದ್ಯಾರ್ಥಿವೇತನ ಕೊಡುತ್ತಿದ್ದೀರಿ, ಅದು ಮುಂದುವರಿಯಲಿ. ಜೊತೆಗೆ ತಿಂಗಳಿಗೆ ಒಂದು ಭಾನುವಾರ ಎರಡು ಗಂಟೆ ಕೊಡಿ. ಒಬ್ಬೊಬ್ಬ ಸದಸ್ಯರೂ ಒಬ್ಬ ಸಣ್ಣ ವ್ಯಾಪಾರಿಯನ್ನು ಅಥವಾ ಒಬ್ಬ ವಿದ್ಯಾರ್ಥಿಯನ್ನು ಶಾಗಿರ್ದನಾಗಿ ಸ್ವೀಕರಿಸಿ. ಅವನ ಲೆಕ್ಕದ ಪುಸ್ತಕವನ್ನು ಜೊತೆಯಲ್ಲಿ ಕುಳಿತು ನೋಡಿ. ಉದ್ಯಮ್ ನೋಂದಣಿಗೆ ಹಣ ಕೊಡಬೇಕಾಗಿಲ್ಲ, 2020ರಿಂದ ಅದು ಅಂತರ್ಜಾಲದಲ್ಲಿ ಉಚಿತವಾಗಿ ಆಗುತ್ತದೆ ಎಂಬಷ್ಟು ಸಣ್ಣ ವಿಷಯವೂ ಅನೇಕರಿಗೆ ಗೊತ್ತಿಲ್ಲ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ 1986ರಿಂದ ಇದೆ. ಅದರ ಸಾಲದ ಅರ್ಜಿಯನ್ನು ತುಂಬಲು ಬಾರದೆ ಹಿಂದಿರುಗುವವರಿದ್ದಾರೆ. ಅವರ ಪಕ್ಕ ಕುಳಿತು ತುಂಬಿಸುವುದು ದೊಡ್ಡ ಸೇವೆ.

ನಿಮ್ಮ ಕಾರ್ಖಾನೆಗೆ, ಅಂಗಡಿಗೆ ಹುಡುಗರನ್ನು ತೆಗೆದುಕೊಳ್ಳುವಾಗ ಶಾಲೆ ಮುಗಿಸಿದವರನ್ನೇ ತೆಗೆದುಕೊಳ್ಳಿ. 1961ರ ಅಪ್ರೆಂಟಿಸ್ ಕಾಯ್ದೆಯಂತೆ ತರಬೇತಿ ಪಡೆಯುವವನಿಗೆ ಭತ್ಯೆಯೂ ಪ್ರಮಾಣಪತ್ರವೂ ಸಿಗುತ್ತದೆ. ವರ್ಷಕ್ಕೊಮ್ಮೆ ಅವನನ್ನು ಕರೆದು, ಈ ವರ್ಷ ಏನು ಹೊಸದು ಕಲಿತೆ ಎಂದು ಕೇಳಿ. ಅವನಿಗೆ ಉತ್ತರ ಹೇಳಲು ಆಗದಿದ್ದರೆ ಕಲಿಸುವ ಕೆಲಸ ನಿಮ್ಮ ಕಡೆ ಬಾಕಿ ಇದೆ ಎಂದು ತಿಳಿಯಿರಿ.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸವಿದೆ. ನಿಮ್ಮ ತಂದೆ ಹಣ್ಣಿನ ಗಾಡಿ ಇಟ್ಟಿರಬಹುದು, ತಾಯಿ ಮನೆಯಲ್ಲಿ ಹೊಲಿಯುತ್ತಿರಬಹುದು. ಅದನ್ನು ಹೇಳಿಕೊಳ್ಳಲು ನಾಚಬೇಡಿ. 40 ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಗಡೆ ಜಮಾ, ಬಲಗಡೆ ಖರ್ಚು ಎಂದು ಬರೆಯಿರಿ. ಪ್ರತಿ ರಾತ್ರಿ ಊಟವಾದ ಮೇಲೆ ಹೆತ್ತವರ ಪಕ್ಕ ಕುಳಿತು ಆ ದಿನದ ವ್ಯಾಪಾರವನ್ನು ಕೇಳಿ ಬರೆಯಿರಿ. ಉದ್ದರಿ ಹೋದದ್ದನ್ನು ಬೇರೆ ಪುಟದಲ್ಲಿ ಹೆಸರು, ತಾರೀಖು ಸಹಿತ ಬರೆಯಿರಿ. ಮೊದಲ ತಿಂಗಳು ಬೇಸರವಾಗಬಹುದು. ಮೂರು ತಿಂಗಳಾದ ಮೇಲೆ ಯಾವ ಮಾಲಿನಲ್ಲಿ ಲಾಭ, ಯಾವುದರಲ್ಲಿ ನಷ್ಟ, ಯಾರು ಬಾಕಿ ಕೊಡುವುದಿಲ್ಲ ಎಂಬುದು ನಿಮಗೇ ಕಾಣಿಸುತ್ತದೆ. ಒಂದು ವರ್ಷವಾದ ಮೇಲೆ ಆ ಪುಸ್ತಕವನ್ನು ಹಿಡಿದು ಹೆತ್ತವರೊಡನೆ ಬ್ಯಾಂಕಿಗೆ ಹೋಗಬಹುದು. ಅವರು ನಿಮಗೆ ಕಸುಬು ಕಲಿಸುತ್ತಾರೆ, ನೀವು ಅವರಿಗೆ ಹಿಸಾಬು ಕಲಿಸಿ. ಇಬ್ಬರೂ ಸೇರಿ ಬಜಾರನ್ನು ಗೆಲ್ಲಬಹುದು.

ಈ ಸಂಚಿಕೆ ನಿಮ್ಮ ಕೈಸೇರಿದ ದಿನವೇ ಮೊದಲ ಪುಟ ಬರೆಯಲು ಒಳ್ಳೆಯ ದಿನ. ಮುಂದಿನ ವಾರ್ಷಿಕ ಸಮಾರಂಭಕ್ಕೆ ಬರುವಾಗ ಆ ಪುಸ್ತಕವನ್ನೂ ತನ್ನಿ. ಅತಿ ಹೆಚ್ಚು ಲಾಭ ತೋರಿಸಿದ ಪುಸ್ತಕವನ್ನು ನಾವು ಹುಡುಕುವುದಿಲ್ಲ, ಒಂದು ದಿನವೂ ತಪ್ಪದೆ ಬರೆದ ಪುಸ್ತಕವನ್ನು ವೇದಿಕೆಯ ಮೇಲೆ ಇಡೋಣ.